ಪೂಜೆ ಮುಗಿಸಿ ಕೊಟ್ಟ ರಕ್ತ

ಎಪ್ಪತ್ತೈದು ದಾಟಿದವರ ರಕ್ತದಲ್ಲಿ ದೀರ್ಘಾಯುಷ್ಯದ ಗುರುತುಗಳನ್ನು ಹುಡುಕುವ ಒಂದು ಸಂಶೋಧನೆಗೆ ರಕ್ತ ಸಂಗ್ರಹಿಸುವುದು ನನ್ನ ಕೆಲಸ. ವಾರಕ್ಕೆ ನಾಲ್ಕು ದಿನ, ಬೆಳಗ್ಗೆ ಆರರಿಂದ ಎಂಟೂವರೆಯವರೆಗೆ. ಗೋಪನಕೊಪ್ಪ, ಬೆಂಗೇರಿ, ಶನಿವಾರ ಮಾತ್ರ ಶಿರಗುಪ್ಪಿಯ ಮನೆಗಳಿಗೆ ಹೋಗುತ್ತೇನೆ. ಪ್ರತಿಯೊಬ್ಬರಿಂದ ಮೂರು ಕೊಳವೆ ರಕ್ತ. ಪ್ರಯೋಗಾಲಯದಲ್ಲಿ ಸಕ್ಕರೆ, ಕೊಬ್ಬಿನ ಜೊತೆಗೆ ಕೆಲವು ಪ್ರೋಟೀನುಗಳನ್ನೂ ಆರ್‌ಎನ್‌ಎಯ ಸಣ್ಣ ತುಣುಕುಗಳನ್ನೂ ಅಳೆಯುತ್ತಾರೆ. ಮುಂದೆ ಯಾರು ಎಷ್ಟು ವರ್ಷ ಬಾಳಿದರು ಎಂಬುದನ್ನು ಗುರುತಿಟ್ಟುಕೊಂಡು, ಇವತ್ತಿನ ರಕ್ತದಲ್ಲಿ ಅದರ ಸುಳಿವು ಇತ್ತೇ ಎಂದು ಹಿಂದಕ್ಕೆ ಹೋಗಿ ನೋಡುತ್ತಾರೆ.

ಆಫೀಸಿನ ಫಾರ್ಮು ಬೇರೆ, ನನ್ನ ನೋಟ್‌ಬುಕ್ಕು ಬೇರೆ. ನನ್ನದರಲ್ಲಿ ವಾರ, ಗಂಟೆ, ಯಾವ ಕೈ, ಎಷ್ಟು ಸಲ ಚುಚ್ಚಿದೆ, ಎಷ್ಟು ಸಲ ಚಹಾ ಬೇಡವೆಂದೆ, ಎಲ್ಲ ಇರುತ್ತದೆ. ಎರಡರಲ್ಲೂ ಇರುವ ಒಂದು ಕಾಲಂ ಉಪವಾಸದ್ದು. ರಕ್ತ ಕೊಡುವ ಮುಂಚೆ ಹತ್ತು ತಾಸು ಏನೂ ತಿಂದಿರಬಾರದು. ಮೊದಲ ನಲವತ್ತಾರು ಜನರ ಹೆಸರಿನ ಮುಂದೆಯೂ ನಾನು ‘ಹೌದು’ ಎಂದೇ ಬರೆದಿದ್ದೆ.

ನಲವತ್ತೇಳನೆಯವರು ಗೋಪನಕೊಪ್ಪದ ಒಬ್ಬ ಅಜ್ಜಿ. ಅವತ್ತು ಮಂಗಳವಾರ. ಅದಕ್ಕೆ ಮುಂಚಿನ ಸರದಿಯ ಮನೆಯವರು ಬಾಗಿಲು ತೆಗೆಯದೇ ಇದ್ದುದರಿಂದ ನಾನು ಇಪ್ಪತ್ತು ನಿಮಿಷ ಮೊದಲೇ ಹೋಗಿದ್ದೆ. ಅಜ್ಜಿ ಲಿಂಗಪೂಜೆಗೆ ಕೂತಿದ್ದರು. ಪೂಜೆ ಮುಗಿಸಿ, ಲಿಂಗಕ್ಕೆ ಎರೆದು ಅಂಗೈಯಲ್ಲಿ ನಿಂತ ಪಾದೋದಕ ಕುಡಿದು, ಬಟ್ಟಲಲ್ಲಿದ್ದ ಕಲ್ಲುಸಕ್ಕರೆಯನ್ನು ಬಾಯಿಗೆ ಹಾಕಿಕೊಂಡರು. ಆಮೇಲೆ ನನ್ನ ಎದುರು ಬಂದು ಕೂತು, ತೋಳು ಚಾಚಿ, ನಾನು ಕೇಳುವ ಮೊದಲೇ ನಿನ್ನೆ ರಾತ್ರಿಯಿಂದ ಏನೂ ತಿಂದಿಲ್ಲ ಎಂದರು.

ಈಗಷ್ಟೇ ಸಕ್ಕರೆ ತಿಂದಿರಲ್ಲ ಎಂದು ಮೆಲ್ಲಗೆ ಕೇಳಿದೆ.

‘ಅದು ಪ್ರಸಾದ ಐತಿ,’ ಎಂದರು. ‘ಪ್ರಸಾದ ಯಾರರೆ ಲೆಕ್ಕಕ್ಕ ಹಿಡೀತಾರೇನು? ಉಪವಾಸ ಇರು ಅಂದಿ, ಇದ್ದೇನಿ. ಪೂಜಿ ಬಿಡು ಅಂತ ಯಾರೂ ಹೇಳಿಲ್ಲಲ್ಲ.’

ಸೂಜಿಯನ್ನು ಹಾಗೇ ಚೀಲಕ್ಕೆ ಹಾಕಿದೆ. ಅಜ್ಜಿ ಸುಳ್ಳು ಹೇಳಿರಲಿಲ್ಲ. ಅವರ ಎಣಿಕೆಯಲ್ಲಿ ದಿನದ ಮೊದಲ ಆಹಾರ ಪೂಜೆಯ ನಂತರ ಬರುವ ರೊಟ್ಟಿ. ಪ್ರಸಾದ ಪೂಜೆಯ ಭಾಗ. ಹಾಗಾದರೆ ಆ ನಲವತ್ತಾರು ಜನ? ಎಷ್ಟೋ ಹಣೆಗಳ ಮೇಲೆ ಹಸಿ ವಿಭೂತಿ ಕಂಡಿದ್ದೆ, ಆದರೂ ನನಗೆ ಏನೂ ಹೊಳೆದಿರಲಿಲ್ಲ.

ಎರಡು ದಿನ ಯಾರಿಗೂ ಹೇಳಲಿಲ್ಲ. ಹೇಳಿದರೆ ನಾಲ್ಕು ತಿಂಗಳ ರಕ್ತ ಮೋರಿಗೆ ಹೋಗಬಹುದು, ನನ್ನ ಕೆಲಸವೂ ಹೋಗಬಹುದು. ಹೇಳದಿದ್ದರೆ, ಕಲ್ಲುಸಕ್ಕರೆಯ ಗುರುತನ್ನೇ ಯಾರೋ ಆಯುಷ್ಯದ ಗುರುತೆಂದು ತಿಳಿಯಬಹುದು. ಇದರ ನಡುವೆ ಒಂದು ಪ್ರಶ್ನೆ ಕೊರೆಯುತ್ತಲೇ ಇತ್ತು: ಅಷ್ಟು ಚಿಕ್ಕ ಹರಳು ರಕ್ತದಲ್ಲಿ ನಿಜಕ್ಕೂ ಕಾಣುತ್ತದೆಯೇ? ಗುರುವಾರ ಮುಖ್ಯ ಡಾಕ್ಟರ್ ಮುಂದೆ ನೋಟ್‌ಬುಕ್ ಇಟ್ಟೆ. ಅವರು ಅದನ್ನು ಓದಿ ಕನ್ನಡಕ ತೆಗೆದರು.

‘ನಮ್ಮಜ್ಜನೂ ಹಂಗ ಮಾಡತಿದ್ರು,’ ಎಂದರು. ‘ಫಾರ್ಮ್ ಬರದಾಕಿ ನಾನು. ನನಗ ಹೊಳದಿಲ್ಲ ನೋಡು.’

ಅವರ ತೀರ್ಮಾನ ಹೀಗಿತ್ತು: ನಲವತ್ತಾರು ಮನೆಗಳಿಗೂ ಮತ್ತೆ ಹೋಗಿ, ಬಾಯಿಗೆ ಏನೇನು ಮುಟ್ಟಿತ್ತು ಎಂದು ಕೇಳಬೇಕು. ಏನಾದರೂ ತಿಂದು ಕುಡಿದವರ ರಕ್ತವನ್ನು ಇನ್ನೊಮ್ಮೆ ತೆಗೆಯಬೇಕು. ಸಿಹಿಯ ಚೂರಿಗೆ ಸಕ್ಕರೆಯ ಅಂಕಿ ಅಲುಗಾಡಬಹುದು, ಕೊಬ್ಬಿನದೂ ಖಾತ್ರಿಯಿಲ್ಲ. ಪ್ರೋಟೀನುಗಳಲ್ಲಿ ಹೆಚ್ಚಿನವು ಅಷ್ಟಕ್ಕೆಲ್ಲ ಕದಲುವುದಿಲ್ಲ ಎಂದು ಅವರ ಅಂದಾಜು.

ಐದು ವಾರ ಹಿಡಿಯಿತು. ಏನೂ ಮುಟ್ಟದವರು ಇಪ್ಪತ್ತೆರಡು. ಪ್ರಸಾದ ತೆಗೆದುಕೊಂಡವರು ಹತ್ತೊಂಬತ್ತು. ಪ್ರಸಾದದ ಪ್ರಶ್ನೆ ಕೇಳಿದಾಗ, ನಾನು ಕೇಳದೇ ಇದ್ದ ಚಹಾ ಕುಡಿದದ್ದನ್ನು ಒಪ್ಪಿಕೊಂಡವರು ಇನ್ನು ನಾಲ್ಕು. ಅವರಲ್ಲಿ ಮೂವರು ಸೊಸೆಗೆ ಹೇಳಬ್ಯಾಡ ಎಂದು ಕೈಹಿಡಿದುಕೊಂಡರು. ಮರುಸಂಗ್ರಹಕ್ಕೆ ದಾರಿ ತೋರಿಸಿದ್ದು ಗೋಪನಕೊಪ್ಪದ ಅಜ್ಜಿಯೇ. ಪೂಜೆ ಬಿಡುವ ಮಾತೇ ಇಲ್ಲ ಎಂದ ಅಜ್ಜಿ, ಪ್ರಸಾದವನ್ನು ಬಾಯಿಗೆ ಹಾಕದೆ ಬಲಮುಷ್ಟಿಯಲ್ಲಿ ಹಿಡಿದು ಎಡಗೈ ಕೊಟ್ಟರು. ‘ಲಗೂ ಮುಗಸು, ಕೈಯಾಗ ಕರಗಾಕತ್ತೈತಿ,’ ಎಂದು ನಾಲ್ಕು ನಿಮಿಷದಲ್ಲಿ ಎರಡು ಸಲ ಅಂದರು.

ಉಳಿದವರು ಒಬ್ಬರು, ಶಿರಗುಪ್ಪಿಯ ಅಜ್ಜ. ನಾನು ರಕ್ತ ತೆಗೆದು ಎಂಟು ವಾರಕ್ಕೆ ಅವರು ತೀರಿಕೊಂಡಿದ್ದರು. ಸಂಗತಿ ನನಗೆ ಮನೆಯ ಹೊಸ್ತಿಲಲ್ಲೇ ತಿಳಿದದ್ದು. ಹಿಂತಿರುಗಲು ನೋಡಿದೆ, ಅಜ್ಜನ ಸೊಸೆ ಒಳಗೆ ಕರೆದು ಕೂರಿಸಿ, ಬಂದ ಕಾರಣ ಕೇಳಿದರು. ಹೇಳಿದೆ.

‘ಪೂಜಿ ಆದಮ್ಯಾಲೆ ದಿನಾ ಒಂದು ಉತ್ತತ್ತಿ ತಗೋತಿದ್ರು. ಅವತ್ತ ಎರಡು. ಸೂಜಿ ಅಂದ್ರ ಅಂಜತಿದ್ರು ನೋಡ್ರಿ, ಅದಕ್ಕ ನಾನ ಇನ್ನೊಂದು ಕೊಟ್ಟೆ.’ ಆಮೇಲೆ ನನ್ನ ಫಾರ್ಮಿನ ಕಡೆ ನೋಡಿ, ‘ಹಂಗಾರ ಅವರ್ದು ತಗದು ಒಗೀತೀರೇನ್ರಿ?’ ಎಂದು ಕೇಳಿದರು. ತಮ್ಮ ರಕ್ತ ಪರೀಕ್ಷೆಗೆ ಹೋಗಿದೆ ಎಂದು ಅಜ್ಜ ಓಣಿಯಲ್ಲಿ ಕಂಡವರಿಗೆಲ್ಲ ಹೇಳಿಕೊಂಡು ಬಂದಿದ್ದರಂತೆ.

ಅಲ್ಲಿಂದಲೇ ಡಾಕ್ಟರಿಗೆ ಫೋನ್ ಮಾಡಿ ಕೇಳಿದೆ. ಸಕ್ಕರೆ, ಕೊಬ್ಬಿನ ಅಂಕಿ ಬಿಡುತ್ತೇವೆ, ಉಳಿದದ್ದು ಇರುತ್ತದೆ ಎಂದರು. ಸಂಶೋಧನೆಗೆ ಬೇಕಾದ ಎರಡು ದಿನಗಳು, ರಕ್ತ ಕೊಟ್ಟದ್ದು ಮತ್ತು ತೀರಿಕೊಂಡದ್ದು, ಎರಡೂ ಸಿಗುವುದು ಈವರೆಗೆ ಇವರೊಬ್ಬರದೇ ಎಂದೂ ಹೇಳಿದರು. ಮೊದಲನೆಯದನ್ನು ಸೊಸೆಗೆ ಹೇಳಿದೆ. ಎರಡನೆಯದನ್ನು ಹೇಗೆ ಹೇಳುವುದೆಂದು ತಿಳಿಯದೆ, ಅಜ್ಜ ಹೋದ ದಿನ ಯಾವುದು ಎಂದಷ್ಟೇ ಕೇಳಿ ಬರೆದುಕೊಂಡೆ.

‘ಎರಡನೇ ಉತ್ತತ್ತಿ ನಾ ಕೊಟ್ಟದ್ದು ಅಂತ ಬರೀರಿ,’ ಎಂದರು ಅವರು. ‘ಅವರ ತಪ್ಪು ಅಂತ ಬ್ಯಾಡ.’

ಫಾರ್ಮಿನಲ್ಲಿ ಅದಕ್ಕೆ ಜಾಗವಿರಲಿಲ್ಲ. ಅಂಚಿನಲ್ಲಿ ಬರೆದೆ: ಉತ್ತತ್ತಿ ಎರಡು, ಆರು ಗಂಟೆಯ ಸುಮಾರಿಗೆ, ಎರಡನೆಯದು ಸೊಸೆ ಕೊಟ್ಟದ್ದು. ಅವರು ಅದನ್ನು ಓದಿ ನೋಡಿ, ಸರಿ ಎಂದು ತಲೆಯಾಡಿಸಿದರು.