ಸುಮ್ಮನೆ ಆಡಿದವು

ಆ ಬಟ್ಟೆ ಕಾರ್ಖಾನೆಯ ಹಿಂಬದಿಗೆ ಮಕ್ಕಳ ಕೋಣೆ ಅಂತ ಒಂದಿತ್ತು. ಹೊಲಿಗೆ ಮೆಷಿನ್ನಿನ ಮುಂದೆ ಕೂರುವ ತಾಯಂದಿರು ಬೆಳಿಗ್ಗೆ ಮಕ್ಕಳನ್ನು ಅಲ್ಲಿ ಬಿಟ್ಟು, ಸಂಜೆ ಬಂದು ಎತ್ತಿಕೊಂಡು ಹೋಗುತ್ತಿದ್ದರು. ಅಲ್ಲಿಯವರೆಗೆ ಇಪ್ಪತ್ತಮೂರು ಮಕ್ಕಳಿಗೆ ತಾಯಿ, ಅಜ್ಜಿ, ಪೊಲೀಸು, ಡಾಕ್ಟರು ಎಲ್ಲವೂ ಒಬ್ಬಳೇ, ಆಯಮ್ಮ. ಹತ್ತೊಂಬತ್ತು ವರ್ಷದಿಂದ ಅದೇ ಕೆಲಸ. ಆಕೆಯ ನಿಜವಾದ ಹೆಸರು ಸಂಬಳದ ಪಟ್ಟಿಗೆ ಬಿಟ್ಟರೆ ಇನ್ಯಾರಿಗೂ ಗೊತ್ತಿರಲಿಲ್ಲ.

ಕೋಣೆಗೆ ಅಂಟಿಕೊಂಡು ಒಂದು ಅಂಗಳ. ಯಾವುದೋ ಕಾಲದಲ್ಲಿ ಗೋಡೆ ಕಟ್ಟಿ ಮಿಕ್ಕಿದ ಮರಳು, ಕಾಲು ಮುರಿದ ಮೇಜು, ರಟ್ಟಿನ ಪೆಟ್ಟಿಗೆಗಳು, ದಾರ ಮುಗಿದ ಕೋನುಗಳು, ಕಟಿಂಗ್ ವಿಭಾಗದ ಚಿಂದಿ. ದಿನಾ ಹತ್ತು ಗಂಟೆಗೆ ಆಯಮ್ಮ ಅಂಗಳದ ಬಾಗಿಲು ತೆಗೆಯುತ್ತಿದ್ದಳು. ಊಟದ ಹೊತ್ತಿನವರೆಗೆ ಮಕ್ಕಳು ಏನು ಬೇಕಾದರೂ ಆಡಬಹುದು. ಆಯಮ್ಮ ಆಟ ಹೇಳಿಕೊಡುತ್ತಿರಲಿಲ್ಲ, ಸಾಲಾಗಿ ನಿಲ್ಲಿಸುತ್ತಿರಲಿಲ್ಲ. ಹೊಸಿಲ ಮೇಲೆ ಕೈಕಟ್ಟಿ ಕೂತುಬಿಡುತ್ತಿದ್ದಳು.

"ಕೂತಲ್ಲೇ ಸಂಬಳ, ಪುಣ್ಯವಂತೆ!" ಅಂತ ಮೂಗು ಮುರಿದವರೂ ಇದ್ದರು. ಹಾಗಂದವರು ಒಂದು ದಿನ ಬಂದು ಕೂತು ನೋಡಲಿ! ಮಗು ಮುರುಕು ಮೇಜು ಹತ್ತುವಾಗ "ಬೀಳ್ತೀಯ, ಇಳಿ" ಅನ್ನದೆ ಬಾಯಿಗೆ ಬೀಗ ಹಾಕಿಕೊಂಡು, ಬಿದ್ದರೆ ಹಿಡಿಯುವಷ್ಟು ಹತ್ತಿರದಲ್ಲಿ, ಕಣ್ಣು ಕೀಳದೆ ಕೂರುವುದೇನು ಹುಡುಗಾಟವೇ?

ಎಡವಟ್ಟಾದದ್ದು ರಿಜಿಸ್ಟರಿನಿಂದ. ಹಿಂದಿನ ವರ್ಷ ಮುಖ್ಯ ಕಚೇರಿಯವರು ದಪ್ಪನೆಯ ಒಂದು ಪುಸ್ತಕ ಕಳಿಸಿದರು. ಅದರಲ್ಲಿ ಪ್ರತಿ ದಿನದ ಎದುರಿಗೆ "ಇಂದು ಕಲಿಸಿದ್ದು" ಅಂತ ಒಂದು ಅಂಕಣ. ಆಯಮ್ಮ ಮಧ್ಯಾಹ್ನ ಕಥೆ ಹೇಳುತ್ತಿದ್ದಳು, ಹಾಡು ಹೇಳಿಸುತ್ತಿದ್ದಳು, ಅಕ್ಷರ ತಿದ್ದಿಸುತ್ತಿದ್ದಳು. ಅದನ್ನೆಲ್ಲ ಬರೆದಿದ್ದರೆ ಯಾರ ತಕರಾರೂ ಇರುತ್ತಿರಲಿಲ್ಲ. ಆದರೆ ಪುಣ್ಯಾತ್ಗಿತ್ತಿ, ಆ ದಿನದಲ್ಲಿ ತನಗೆ ಯಾವುದು ಮುಖ್ಯ ಅನ್ನಿಸಿತೋ ಅದನ್ನಷ್ಟೇ ಬರೆದಳು: "ಸುಮ್ಮನೆ ಆಡಿದವು." ಮರುದಿನವೂ "ಸುಮ್ಮನೆ ಆಡಿದವು." ವರ್ಷಪೂರ್ತಿ ಅದೇ ಎರಡು ಪದ!

ವರ್ಷದ ಕೊನೆಗೆ ಅದನ್ನು ಓದಿದವರು ಆ ಅಂಗಳ ದಂಡ ಅಂತ ತೀರ್ಮಾನಿಸಿದರು. ಒಂದು ಗುರುವಾರ ಮ್ಯಾನೇಜರ್ ಬಂದು ಆಜ್ಞೆ ಓದಿ ಹೇಳಿದರು. ಸೋಮವಾರದಿಂದ ಅಂಗಳದಲ್ಲಿ ಪ್ಯಾಕಾದ ಮಾಲು ಇಡಬೇಕು, ಮಕ್ಕಳು ಒಳಗೇ ಕೂತು ಕಲಿಯಬೇಕು.

"ಸಾರ್, ಅಂಗಳ ಹೋದ್ರೆ ಈ ಮಕ್ಕಳಿಗೆ ಇನ್ನೇನು ಉಳೀತು?"

"ನೀವೇ ಕೈಯಾರೆ ಬರ್ದಿದೀರಲ್ಲ ಆಯಮ್ಮ. ನಾನೇನ್ ಮಾಡ್ಲಿ?"

ಮರುದಿನ ಮ್ಯಾನೇಜರ ಮಗಳ ಶಾಲೆಗೆ ರಜೆ, ಹೆಂಡತಿಗೆ ಆಫೀಸು. ಬೇರೆ ದಾರಿ ಕಾಣದೆ ಐದೂವರೆ ವರ್ಷದ ಮಗಳನ್ನು ತಂದು ಆಯಮ್ಮನ ಹತ್ತಿರ ಬಿಟ್ಟರು. ಡ್ಯಾನ್ಸು, ಈಜು, ಚಿತ್ರಕಲೆ, ಅಬ್ಯಾಕಸ್ ಅಂತ ವಾರವಿಡೀ ಉಸಿರಾಡಲು ಪುರುಸೊತ್ತಿಲ್ಲದ ಹುಡುಗಿ ಅದು. ಅಂಗಳದ ನಡುವೆ ಸುಮ್ಮನೆ ನಿಂತು ಕೇಳಿತು.

"ಆಂಟಿ, ಈಗ ನಾನೇನ್ ಮಾಡ್ಬೇಕು?"

"ನಂಗೇನ್ ಗೊತ್ತು ಪುಟ್ಟಿ?"

"ಇದ್ರಲ್ಲಿ ಫಸ್ಟ್ ಯಾರು ಬರ್ತಾರೆ?"

"ಯಾರೂ ಬರಲ್ಲಮ್ಮ."

ಹುಡುಗಿ ಗೋಡೆಗೆ ಒರಗಿ, ತುಟಿ ಸೊಟ್ಟ ಮಾಡಿಕೊಂಡು ಕೂತಿತು. ಎದ್ದು ಹೋಗಿ ಎತ್ತಿಕೊಳ್ಳೋಣ ಅನ್ನಿಸಿದರೂ ಆಯಮ್ಮ ಏಳಲಿಲ್ಲ. ಮುಕ್ಕಾಲು ಗಂಟೆ ಕಳೆಯಿತು. ಆಮೇಲೆ ಹುಡುಗಿ ಎರಡು ಕೋನು ತೆಗೆದುಕೊಂಡು ಒಂದರ ಮೇಲೊಂದು ಇಟ್ಟಿತು. ಬಿತ್ತು. ಮತ್ತೆ ಇಟ್ಟಿತು. ಸ್ವಲ್ಪ ಹೊತ್ತಿಗೆ ಶೂ ಬಿಚ್ಚಿ ಮೂಲೆಗೆಸೆದು, ಪೆಟ್ಟಿಗೆಗಳನ್ನು ಜೋಡಿಸಿ ಬಸ್ಸು ಮಾಡುತ್ತಿದ್ದ ಗುಂಪಿಗೆ ನುಗ್ಗಿತು.

ಮ್ಯಾನೇಜರ್ ಊಟಕ್ಕೆ ಕರೆಯಲು ಬಂದಾಗ ಬಸ್ಸಿನಲ್ಲಿ ರಣರಂಗ. ಟೈಲರಮ್ಮ ಒಬ್ಬಳ ಮಗಳು ಗುಂಡಿಯೂ ಮ್ಯಾನೇಜರ ಮಗಳೂ ಡ್ರೈವರ್ ಸೀಟಾಗಿದ್ದ ಮುಂದಿನ ಪೆಟ್ಟಿಗೆಯನ್ನು ಆ ಕಡೆ ಈ ಕಡೆ ಎಳೆದಾಡುತ್ತಿದ್ದರು. ಇಬ್ಬರ ಕಣ್ಣಲ್ಲೂ ನೀರು. ಮ್ಯಾನೇಜರ್ ಮುಂದೆ ನುಗ್ಗಿದರೆ ಆಯಮ್ಮ ಬಾಗಿಲಿಗೆ ಕೈ ಅಡ್ಡ ಹಿಡಿದಳು.

"ತಡೀರಿ ಸಾರ್."

"ಏನ್ರೀ, ಜಗಳ ಆಡ್ತಿದಾರೆ!"

"ಕಾಣ್ತಿದೆ ಸಾರ್. ಮೂವತ್ತು ಎಣಿಸಿ. ಆಮೇಲೂ ನಿಲ್ದಿದ್ರೆ ನಾನೇ ಹೋಗ್ತೀನಿ."

ಅದು ಆಯಮ್ಮನ ಹಳೆಯ ಪದ್ಧತಿ. ಮ್ಯಾನೇಜರ್ ಹಲ್ಲು ಕಚ್ಚಿಕೊಂಡು ಎಣಿಸಿದರು. ಹದಿನಾರಕ್ಕೆ ಗುಂಡಿ ಕೈ ಬಿಟ್ಟಳು. ಮೂಗು ಒರೆಸಿಕೊಂಡು ಯೋಚಿಸಿದಳು.

"ಹೋಗೋವಾಗ ನೀನು ಡ್ರೈವರ್. ಬರೋವಾಗ ನಾನು."

"ಬರೋವಾಗ ನಾನೇನ್ ಮಾಡ್ಲಿ?"

"ಟಿಕೆಟ್ ಕೊಡು."

ಮ್ಯಾನೇಜರ ಎಣಿಕೆ ಇಪ್ಪತ್ತೆರಡಕ್ಕೆ ನಿಂತಿತ್ತು. "ಪುಟ್ಟಾ, ಬಾ, ಊಟ ಮಾಡೋಣ" ಅಂತ ಕರೆದರು. "ಈಗ ಆಗಲ್ಲಪ್ಪ, ಬಸ್ ಹೊರಟಿದೆ!" ಅಂದ ಮಗಳು ಹಿಂದಿರುಗಿಯೂ ನೋಡಲಿಲ್ಲ.

ಅವರು ಹೊಸಿಲ ಮೇಲೆ ಆಯಮ್ಮನ ಪಕ್ಕಕ್ಕೇ ಕೂತರು. "ಯಾವ ಕ್ಲಾಸಿಗೆ ಕರೆಯೋಕೆ ಹೋದ್ರೂ ಓಡಿ ಬಂದು ತಬ್ಕೋತಾಳೆ. ಬರಲ್ಲ ಅಂತ ಅಂದಿದ್ದು ಇವತ್ತೇ ಮೊದಲು, ಆಯಮ್ಮ." ಆಮೇಲೆ ದನಿ ತಗ್ಗಿಸಿದರು. "ಒಂದು ಕೆಲ್ಸ ಮಾಡಿ. ರಿಜಿಸ್ಟರ್ ತಿದ್ದಿಬಿಡಿ. ಭಾಷೆ, ಲೆಕ್ಕ, ಶಿಸ್ತು ಅಂತ ಏನಾದ್ರೂ ಬರೀರಿ. ಮಿಕ್ಕಿದ್ದು ನಾನು ನೋಡ್ಕೋತೀನಿ."

ಆಯಮ್ಮ ಅಂಗಳದಿಂದ ಕಣ್ಣು ತೆಗೆಯದೆಯೇ ಉತ್ತರ ಕೊಟ್ಟಳು.

"ಆಗಲ್ಲ ಸಾರ್. ಆಟಕ್ಕೆ ಪಾಠದ ಅಂಗಿ ಹೊಲಿಸಿ ಮೆರವಣಿಗೆ ಮಾಡೋಕೆ ನನ್ ಕೈಲಿ ಆಗಲ್ಲ. ನಾನು ಬರೆದಿದ್ದು ನಿಜ, ನಂಗೆ ಅದರಲ್ಲಿ ನಾಚಿಕೆ ಇಲ್ಲ. ಇವತ್ತು ಕಣ್ಣಾರೆ ನೋಡಿದೋರು ನೀವು. ನೀವೇ ಹೇಳಿ."

ಮ್ಯಾನೇಜರ್ ಕೂತಲ್ಲಿಂದಲೇ ಮುಖ್ಯ ಕಚೇರಿಗೆ ಫೋನು ಹಚ್ಚಿದರು.

"ಹೌದು ಸಾರ್, ಸುಮ್ನೆ ಆಡ್ತಾರೆ, ಬರೆದಿರೋದು ಸರಿಯಾಗೇ ಇದೆ... ಮಾಲನ್ನ ಕ್ಯಾಂಟೀನ್ ಪಕ್ಕದ ಶೆಡ್ಡಿಗೆ ಹಾಕಿಸ್ತೀನಿ... ಇಲ್ಲ ಸಾರ್, ಅಂಗಳ ಬಿಟ್ಟುಕೊಡೋಕಾಗಲ್ಲ. ಮೇಲಿನೋರು ಕೇಳಿದ್ರೆ ನನ್ ಹೆಸ್ರು ಹೇಳಿ." ಬಸ್ಸಿನ ಕಡೆ ನೋಡಿದರು. "ನಾಳೆಯಿಂದ ಶನಿವಾರ ಶನಿವಾರ ನನ್ ಮಗಳೂ ಇಲ್ಲೇ ಇರ್ತಾಳೆ ಸಾರ್. ಟೈಲರ್‌ಗಳ ಮಕ್ಕಳ ಜೊತೆಗೇ."

ಆಯಮ್ಮನ ಕೆಲಸವೂ ಕೆಲಸವೇ ಅಂತ ಒಬ್ಬರು ಬಾಯಿಬಿಟ್ಟು ಹೇಳಲು ಹತ್ತೊಂಬತ್ತು ವರ್ಷ ಹಿಡಿದಿತ್ತು. ಸೆರಗಿನ ತುದಿಯಿಂದ ಕಣ್ಣೊತ್ತಿಕೊಂಡು, ಗದರುವವಳಂತೆ ಅಂದಳು.

"ಹಳೇ ಬಟ್ಟೆ ಹಾಕಿ ಕಳ್ಸಿ ಸಾರ್. ಕೊಳೆ ಆಯ್ತು ಅಂತ ಸಂಜೆ ಮಗೂನ ಬೈದ್ರೆ ನಾನು ಸುಮ್ನಿರಲ್ಲ."