ಕಲ್ಲು ನಿಲ್ಲದ ಇಳಿಜಾರು

ಗೇಟಿನಿಂದ ಜಗಲಿಯವರೆಗೆ ನಮ್ಮ ಮನೆಯ ದಾರಿ ನನ್ನ ಹೆಜ್ಜೆಯಲ್ಲಿ ಮೂವತ್ತೊಂದು. ಕೆಳಗೆ ರಸ್ತೆ, ಮೇಲೆ ಮನೆ, ನಡುವೆ ಇಳಿಜಾರು. ಇದಕ್ಕೆ ಏನು ಹಾಕಿಸಬೇಕು ಎಂದು ಈ ಮನೆಯಲ್ಲಿ ಎರಡು ಸಲ ಮಾತಾಯಿತು. ಮೊದಲ ಸಲ ತೀರ್ಮಾನ ಮಾಡಿದವಳು ನಾನು. ಅದಾದ ಎರಡನೆಯ ಮಳೆಗಾಲದಲ್ಲಿ ನನ್ನ ಅಣ್ಣ ಅದೇ ದಾರಿಯ ಮೇಲೆ ಸತ್ತ. ಎರಡನೆಯ ಸಲದ ಮಾತು ನಡೆದದ್ದು ಹೋದ ತಿಂಗಳು. ಅದನ್ನು ಬರೆಯಬೇಕಾದರೆ ಮೊದಲನೆಯದನ್ನೂ ಬರೆಯಬೇಕು.

ಮನೆ ಇರುವುದು ಪಿರಿಯಾಪಟ್ಟಣ ತಾಲ್ಲೂಕಿನಲ್ಲಿ, ಹೊಗೆಸೊಪ್ಪಿನ ಹೊಲಗಳ ಮಧ್ಯದ ಒಂದು ದಿಬ್ಬದ ಮೇಲೆ. ಅಣ್ಣ ಬೇಸಾಯ ಮಾಡುತ್ತಿದ್ದ. ನಾನು ಹುಣಸೂರಿನ ಕಾಲೇಜೊಂದರಲ್ಲಿ ಭೌತಶಾಸ್ತ್ರ ಹೇಳಿಕೊಡುತ್ತೇನೆ, ಅಣ್ಣ ಅತ್ತಿಗೆಯ ಜೊತೆಗೇ ಇದ್ದೇನೆ. ಅತ್ತಿಗೆ ನಲವತ್ತು ದಾಟಿದ ಮೇಲೆ ಹಠ ಹಿಡಿದು ಕಾರು ಕಲಿತವಳು. ಹಳೆಯ ಕಾರು, ಏರಿನಲ್ಲಿ ನಿಂತರೆ ಹಿಂದಕ್ಕೆ ಜಾರುವುದು ಅದರ ಹುಟ್ಟುಗುಣ. ಅವಳು ಗೇಟಿನ ಹತ್ತಿರ ಹಾರ್ನ್ ಹೊಡೆದರೆ ಅಣ್ಣ ಎಲ್ಲಿದ್ದರೂ ಬಂದು ಕಲ್ಲು ಎತ್ತಿಕೊಳ್ಳುತ್ತಿದ್ದ.

ಕಲ್ಲು ಕೊಡುವುದು ನಮ್ಮ ಕಡೆ ಎಲ್ಲರಿಗೂ ಗೊತ್ತಿರುವ ಕೆಲಸ. ಗಾಡಿ ಏರು ಹತ್ತುವಾಗ ಒಬ್ಬರು ಕಲ್ಲು ಹಿಡಿದು ಹಿಂದೆ ನಡೆಯುತ್ತಾರೆ. ಗಾಡಿ ನಿಂತ ತಕ್ಷಣ ಹಿಂದಿನ ಚಕ್ರದ ಬುಡಕ್ಕೆ ಕಲ್ಲು ಇಡುತ್ತಾರೆ. ಎತ್ತಿನ ಗಾಡಿಗೂ ಅಷ್ಟೇ, ಟ್ರಾಕ್ಟರಿಗೂ ಅಷ್ಟೇ. ನಮ್ಮ ಮನೆಯ ಕಲ್ಲು ಒಡೆದುಹೋದ ಬೀಸುಕಲ್ಲಿನ ಅರ್ಧ. ಆಗ ದಾರಿ ಬರೀ ಕೆಮ್ಮಣ್ಣು. ಚಕ್ರ ಹಿಂದಕ್ಕೆ ಒತ್ತಿದಷ್ಟೂ ಕಲ್ಲು ಮಣ್ಣಿನೊಳಗೆ ಕೂತುಕೊಳ್ಳುತ್ತಿತ್ತು. ಗಾಡಿ ಒಂದು ಗೇಣು ಕೂಡ ಜಾರುತ್ತಿರಲಿಲ್ಲ. ಅತ್ತಿಗೆ ಉಸಿರು ಬಿಟ್ಟು, ಕ್ಲಚ್ಚು ಒತ್ತಿ, ಮತ್ತೆ ಶುರು ಮಾಡಿ ಮೇಲೆ ಬರುತ್ತಿದ್ದಳು. ಕಲ್ಲು ಕೊಟ್ಟವರಿಗೆ ಕಾಫಿಯಾದರೂ ಸಿಗಬೇಕು ಎಂದು ಅಣ್ಣ ಜಗಲಿಗೆ ಕೇಳುವಂತೆ ಹೇಳುತ್ತಿದ್ದ.

ಮಣ್ಣು ಸಾಕು ಅನ್ನಿಸಿದ್ದು ನನಗೆ. ಮಳೆಗಾಲದಲ್ಲಿ ಕೆಸರು ಒಳಮನೆಯ ತನಕ ಬರುತ್ತಿತ್ತು, ಬೇಸಿಗೆಯಲ್ಲಿ ಧೂಳು ತಟ್ಟೆಯ ಮೇಲೆ ಕೂರುತ್ತಿತ್ತು. ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಒಂದೊಂದನ್ನೇ ಬರೆದೆ. ಡಾಂಬರು ಯುಗಾದಿಯ ಬಿಸಿಲಿಗೆ ಚಪ್ಪಲಿಗೆ ಅಂಟುತ್ತದೆ. ಜಲ್ಲಿ ಹರಡಿದರೆ ಮೊದಲ ಜೋರು ಮಳೆಗೆ ರಸ್ತೆಗೆ ಇಳಿದುಹೋಗುತ್ತದೆ. ಇಂಟರ್‌ಲಾಕ್ ಇಟ್ಟಿಗೆ ಚೆಂದ, ಆದರೆ ಅಡಿಯ ಮರಳು ಕೊಚ್ಚಿಹೋದರೆ ಅಲ್ಲಲ್ಲಿ ಕುಸಿಯುತ್ತದೆ, ಸಂದಿಯಲ್ಲಿ ಇರುವೆ ಗೂಡು ಕಟ್ಟುತ್ತದೆ.

ಏಪ್ರಿಲಿನ ಒಂದು ಮಧ್ಯಾಹ್ನ ಅಣ್ಣನನ್ನು ಕರೆದುಕೊಂಡು ನಮ್ಮ ತಾಲ್ಲೂಕಿನ ಕೊಪ್ಪಕ್ಕೆ ಹೋದೆ. ಅಲ್ಲಿ ಇಂಥವನ್ನು ಮಾರುವ ಅಂಗಡಿಯ ಮುಂದೆ ಎಲ್ಲ ಬಗೆಯದೂ ಮಾದರಿಗೆ ಎರಡೆರಡು ಗಜ ಹಾಕಿದ್ದರು. ಬರಿಗಾಲಿನಲ್ಲಿ ನಡೆದು ನೋಡಬೇಕು ಎಂದೆ. ಅಣ್ಣ ಚಪ್ಪಲಿ ಬಿಟ್ಟು ಕರಿ ಗ್ರಾನೈಟಿನ ಮೇಲೆ ಕಾಲಿಟ್ಟವನೇ ಎರಡು ಹಾರು ಹಾರಿದ. ಅಂಗಡಿಯವನು ಮೊದಲು ತಗೊಳ್ಳಿ, ಆಮೇಲೆ ನಿಮ್ಮನೇಲಿ ಕುಣೀರಿ ಎಂದ. ಅಲ್ಲಿದ್ದವರೆಲ್ಲ ನಕ್ಕರು. ಕೊನೆಗೆ ನಾನು ಒಂದು ಚೊಂಬು ನೀರು ಕೇಳಿ ಪ್ರತಿಯೊಂದರ ಮೇಲೂ ಸುರಿದೆ. ನುಣುಪು ಸಿಮೆಂಟಿನ ಮೇಲೆ ನೀರು ಒಂದು ಚೂರೂ ನಿಲ್ಲದೆ ಹರಿದುಹೋಯಿತು. ಬಿಸಿಯೂ ಕಡಿಮೆ, ನೀರೂ ನಿಲ್ಲುವುದಿಲ್ಲ. ನೋಟ್‌ಬುಕ್ಕಿನಲ್ಲಿ ಅದಕ್ಕೇ ಗುರುತು ಹಾಕಿದೆ. ಆ ನೀರಿನ ಮೇಲೆ ಕಾಲಿಟ್ಟು ನೋಡಲಿಲ್ಲ. ಬಿಸಿಲನ್ನು ಕಾಲಿನಿಂದ ಪರೀಕ್ಷೆ ಮಾಡಿದೆ, ಮಳೆಯನ್ನು ಕಣ್ಣಿನಿಂದ ಮಾತ್ರ.

ನುಣುಪು ಬೇಕೆನ್ನಲು ಇನ್ನೊಂದು ಕಾರಣ ರಾಗಿ. ನಮಗೆ ಬೇರೆ ಕಣ ಇಲ್ಲ. ಊರಿನವರ ಹಾಗೆ ನಾವೂ ರಾಗಿ ತೆನೆಯನ್ನು ರಸ್ತೆಗೆ ಹರಡಿ, ಹೋಗುವ ಬರುವ ಗಾಡಿಗಳಿಂದ ತುಳಿಸಿ, ಮುದ್ದೆಯಲ್ಲಿ ಮರಳು ಕಡಿಯುತ್ತಿದ್ದೆವು. ದಾರಿಯೇ ಕಣವಾದರೆ ಕಾರು ಬಿಟ್ಟು ತುಳಿಸಬಹುದು, ಗುಡಿಸಿದರೆ ಒಂದು ಕಾಳೂ ಉಳಿಯಬಾರದು. ಇದು ನನ್ನ ಲೆಕ್ಕ.

ಹುಣಸೂರಿನಿಂದ ಮೇಸ್ತ್ರಿಯನ್ನು ಕರೆಸಿದೆವು. ಪೇಟೆಯ ಸಾಬರು, ಅವರ ತಂದೆಯೂ ಇದೇ ಕೆಲಸದವರು. ಅತ್ತಿಗೆ ಆ ವಾರ ಭೇರ್ಯದ ತವರಿನಲ್ಲಿದ್ದಳು. ಕಾಂಕ್ರೀಟು ಸುರಿದು ಮಟ್ಟ ಮಾಡಿದ ಮೇಲೆ ಮೇಸ್ತ್ರಿ ದಪ್ಪ ತೆಂಗಿನ ನಾರಿನ ಹಗ್ಗ ತಂದರು. ಹಸಿ ಸಿಮೆಂಟಿನ ಮೇಲೆ ಅಡ್ಡಡ್ಡ ಒತ್ತಿ ಗೆರೆ ಮೂಡಿಸುತ್ತೇನೆ ಎಂದರು.

ನಾನು ಬೇಡವೆಂದೆ. ಗೆರೆಯಲ್ಲಿ ರಾಗಿ ಸಿಕ್ಕಿಕೊಳ್ಳುತ್ತದೆ, ಸಿಮೆಂಟಿನ ಹಾಲು ಹಾಕಿ ಕರಣೆಯಲ್ಲಿ ಉಜ್ಜಿ ಎಂದೆ.

ಅವರು ಹಗ್ಗವನ್ನು ಕೆಳಗಿಡಲಿಲ್ಲ. "ಅಮ್ಮಾ, ಇದು ಕಣ ಅಲ್ಲ, ಏರು. ಮಳೇಲಿ ಚಕ್ರ ನಿಲ್ಲಾಕಿಲ್ಲ ಇದ್ರ ಮ್ಯಾಲೆ. ನಾನು ಹೇಳ್ಲಿಲ್ಲ ಅನ್ಬೇಡಿ."

ನಾನು ಅಣ್ಣನ ಕಡೆ ನೋಡಿದೆ. ಅವನು ಗೇಟಿಗೆ ಒರಗಿ ನಿಂತಿದ್ದ. "ಓದಿರೋಳು ಅವಳು, ಅವಳು ಹೇಳ್ದಂಗೆ ಮಾಡಿ ಮೇಸ್ತ್ರಿ," ಎಂದ. ಆಮೇಲೆ ನಕ್ಕು, "ಕಲ್ಲು ಕೊಡಾಕೆ ನಾನಿವ್ನಲ್ಲಾ. ನಾನಿರೋಗಂಟ ನಮ್ಮವಳ ಗಾಡಿ ಹಿಂದಕ್ಕೋಗಾಕಿಲ್ಲ ಬುಡಿ," ಎಂದ.

ಮೇಸ್ತ್ರಿ ಹಗ್ಗ ಸುತ್ತಿ ಚೀಲಕ್ಕೆ ಹಾಕಿದರು. ಸಂಜೆಯೊಳಗೆ ದಾರಿ ಕನ್ನಡಿಯ ಹಾಗಾಯಿತು. ತವರಿನಿಂದ ಬಂದ ಅತ್ತಿಗೆ ಚಪ್ಪಲಿ ಕೈಯಲ್ಲಿ ಹಿಡಿದು ಹತ್ತಿದಳು. ಎಷ್ಟು ಚೆನ್ನಾಗಿ ಬಂದಿದೆ ಎಂದಳು. ಮೇಸ್ತ್ರಿ ಹೇಳಿದ್ದನ್ನು ನಾನು ಅವಳಿಗೆ ಹೇಳಲಿಲ್ಲ. ಮುಚ್ಚಿಡಬೇಕೆಂದಲ್ಲ, ಅದು ಆಗ ದೊಡ್ಡ ವಿಷಯವಾಗಿ ಕಂಡಿರಲಿಲ್ಲ.

ಮೊದಲ ಸುಗ್ಗಿಯಲ್ಲಿ ಆ ದಾರಿ ನಾನು ಅಂದುಕೊಂಡ ಹಾಗೆಯೇ ಇತ್ತು. ಮುದ್ದೆಯಲ್ಲಿ ಮರಳಿಲ್ಲ. ಅಕ್ಕಪಕ್ಕದವರು ತಮ್ಮ ರಾಗಿಯನ್ನೂ ತಂದು ಹರಡಿದರು. ಮೊದಲ ಮಳೆಗಾಲದಲ್ಲಿ ಕಾರು ಒಂದೆರಡು ಸಲ ಗಿರ್ರೆಂದು ಚಕ್ರ ತಿರುಗಿಸಿ ಹೇಗೋ ಹತ್ತಿತು. ಎರಡನೆಯ ವರ್ಷ ಕೊಡಗಿನ ಕಡೆಯ ಜಡಿಮಳೆ ನಮ್ಮಲ್ಲೂ ಹಿಡಿಯಿತು. ಗೇಟಿನ ಹತ್ತಿರ, ಹಲಸಿನ ಮರದ ನೆರಳು ಬೀಳುವಲ್ಲಿ, ಪಾಚಿ ಕಟ್ಟಿತು. ಅತ್ತಿಗೆ ತೆಂಗಿನ ಪೊರಕೆಯಲ್ಲಿ ತಿಕ್ಕುತ್ತಿದ್ದಳು. ತಿಕ್ಕಿದಷ್ಟೂ ಅದು ನುಣುಪಾಗುತ್ತಿತ್ತು.

ಅವತ್ತು ಮಧ್ಯಾಹ್ನ ಮೂರು ಗಂಟೆ ಇರಬೇಕು. ಕಾಲೇಜಿಗೆ ರಜೆ, ನಾನು ಜಗಲಿಯಲ್ಲಿದ್ದೆ. ಹನಿಮಳೆ. ಅತ್ತಿಗೆ ಪಿರಿಯಾಪಟ್ಟಣದಿಂದ ಬಂದು ಹಾರ್ನ್ ಹೊಡೆದಳು. ಅಣ್ಣ ತಲೆಗೆ ಗೊಬ್ಬರದ ಚೀಲ ಕೊಪ್ಪೆ ಹಾಕಿಕೊಂಡು ಇಳಿದು ಹೋಗಿ ಗೇಟು ತೆಗೆದ, ಬೀಸುಕಲ್ಲು ಎತ್ತಿಕೊಂಡ. ಕಾರು ಅರ್ಧ ದಾರಿ ಬಂತು, ನಿಂತಿತು, ಹಿಂದಕ್ಕೆ ಹೊರಟಿತು. ಅಣ್ಣ ಬಗ್ಗಿ ಚಕ್ರಕ್ಕೆ ಕಲ್ಲು ಕೊಟ್ಟ. ಸರಿಯಾಗಿಯೇ ಕೊಟ್ಟ. ಅದನ್ನು ನಾನು ನೋಡಿದ್ದೇನೆ, ಎಷ್ಟು ಸಲ ನೆನೆಸಿಕೊಂಡರೂ ಅದು ಬದಲಾಗುವುದಿಲ್ಲ. ಕಲ್ಲು ಚಕ್ರದ ಬುಡದಲ್ಲೇ ಇತ್ತು. ಕಾರು ನಿಲ್ಲಲಿಲ್ಲ, ಕಲ್ಲನ್ನೂ ತನ್ನ ಜೊತೆಗೆ ತಳ್ಳಿಕೊಂಡು ಇಳಿಯಿತು. ಪಾಟಿಯ ಮೇಲೆ ಬಳಪ ಎಳೆದಂಥ ಶಬ್ದ ಬಂತು. ಕಲ್ಲು ಜಾರಬಹುದೆಂದು ಅಣ್ಣನಿಗೆ ಗೊತ್ತಿರಲಿಲ್ಲ. ಅವನ ಕೈ ಕಲಿತದ್ದು ಮಣ್ಣಿನ ಮೇಲೆ. ಅವನು ಕಲ್ಲನ್ನು ಬಿಡದೆ ಇನ್ನಷ್ಟು ಒತ್ತಿ ಹಿಡಿದ. ಹಿಂದೆ ಗೇಟಿನ ಕಂಬ ಇತ್ತು.

ಪಕ್ಕಕ್ಕೆ ಬಾ ಎಂದು ಕೂಗಬಹುದಿತ್ತು. ಬಾಯಿ ತೆಗೆದಿದ್ದೆ, ಧ್ವನಿ ಬಂದದ್ದು ಎಲ್ಲ ಮುಗಿದ ಮೇಲೆ. ಈಗ ತರಗತಿಯಲ್ಲಿ ಇಳಿಜಾರಿನ ಮೇಲಿನ ವಸ್ತುವಿನ ಪಾಠ ಬಂದರೆ ಬೋರ್ಡಿನ ಮೇಲೆ ಓರೆ ಗೆರೆ ಎಳೆಯಲು ಕೈ ಏಳುವುದಿಲ್ಲ. ಘರ್ಷಣೆ ಎಂದರೇನು ಎಂದು ಹದಿನಾಲ್ಕು ವರ್ಷ ಹೇಳಿಕೊಟ್ಟವಳು ನಾನು. ಈ ವರ್ಷ ಆ ಅಧ್ಯಾಯವನ್ನು ಜೊತೆಯವರಿಗೆ ಕೊಟ್ಟೆ.

ಸಾವಿಗೆ ಬಂದವರಿಗೆಲ್ಲ ಅತ್ತಿಗೆ ಒಂದೇ ಮಾತು ಹೇಳಿದಳು: "ನಾನೇ ಕಾಲು ತೆಗೆದ್ಬುಟ್ಟೆ." ಬ್ರೇಕಿನಿಂದ ಕಾಲು ತೆಗೆದೆ ಎಂದು. ಹನ್ನೊಂದು ದಿನವೂ ಅದೇ. ಬ್ರೇಕಿನ ಮೇಲೆ ಕಾಲಿದ್ದರೂ ಆ ನೆಲ ಕಾರನ್ನು ಹಿಡಿಯುತ್ತಿರಲಿಲ್ಲ ಎಂದು ಅಲ್ಲಿ ಗೊತ್ತಿದ್ದವಳು ನಾನೊಬ್ಬಳೇ. ಯಾರು ಹೇಗೆ ಸಮಾಧಾನ ಮಾಡಿದರೂ ಅವಳು ತನ್ನ ಬಲಗಾಲನ್ನೇ ನೋಡುತ್ತಿದ್ದಳು. ನಾನು ಪಕ್ಕದಲ್ಲಿ ಕೂತು ಬಂದವರಿಗೆ ನೀರು ಕೊಡುತ್ತಿದ್ದೆ. ಒಂದು ವರ್ಷ ಹಾಗೆಯೇ ಇದ್ದೆ.

ಹೋದ ತಿಂಗಳು ಅತ್ತಿಗೆ ತಾನಾಗಿ, ಮಳೆ ಜೋರು ಹಿಡಿಯುವುದರೊಳಗೆ ಆ ದಾರಿಯನ್ನು ಒಡೆಸಬೇಕು ಎಂದಳು. ಅದೇ ಮೇಸ್ತ್ರಿಗೆ ಫೋನು ಮಾಡಿದವಳೂ ಅವಳೇ. ಅವರು ಬಂದು ಗೇಟಿನ ಹೊರಗೆ ಚಪ್ಪಲಿ ಬಿಟ್ಟರು. ಸಿಮೆಂಟಿನ ಮೇಲೆ ಕಾಲಿಡಲಿಲ್ಲ, ಪಕ್ಕದ ಹುಲ್ಲಿನ ಮೇಲೆ ನಡೆದು ಬಂದರು. ಜಗಲಿಯಲ್ಲಿ ಕೂತು ಈ ಸಲ ಏನು ಹಾಕಲಿ ಎಂದು ಕೇಳಿದರು. ನನ್ನ ಕಡೆ ಒಂದು ಸಲ ನೋಡಿ, ತಕ್ಷಣ ನೆಲ ನೋಡಿದರು. ಹಗ್ಗದ ಮಾತನ್ನು ಅವರು ಹೇಳುವುದಿಲ್ಲ ಎಂದು ನನಗೆ ಆಗಲೇ ಅರ್ಥವಾಯಿತು. ನಾನೂ ಹೇಳದಿದ್ದರೆ ಅದು ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಅತ್ತಿಗೆ, ಏನಾದರೂ ಹಾಕಿ, ನಾನಂತೂ ಇನ್ನು ಗಾಡಿ ಮುಟ್ಟುವುದಿಲ್ಲ, ನನ್ನ ಕಾಲಿನ ಮೇಲೆ ನನಗೇ ನಂಬಿಕೆ ಇಲ್ಲ ಎಂದಳು.

ಆಗ ಹೇಳಿದೆ. ಹಗ್ಗದ ಗೆರೆ, ರಾಗಿ, ಇದರ ಮೇಲೆ ಚಕ್ರ ನಿಲ್ಲುವುದಿಲ್ಲ ಎಂದು ಮೇಸ್ತ್ರಿ ಕೈಯಲ್ಲಿ ಹಗ್ಗ ಹಿಡಿದೇ ಹೇಳಿದ್ದು, ನಾನು ಕೇಳದಿದ್ದದ್ದು, ಎಲ್ಲ. ಮೇಸ್ತ್ರಿ ಟೋಪಿ ತೆಗೆದು ಮೊಣಕಾಲಿನ ಮೇಲಿಟ್ಟುಕೊಂಡು ಕೂತಿದ್ದರು. ಅತ್ತಿಗೆ ಎದ್ದು ಒಳಗೆ ಹೋದಳು.

ಎರಡು ದಿನ ನನ್ನೊಂದಿಗೆ ಮಾತಾಡಲಿಲ್ಲ. ತಟ್ಟೆಗೆ ಬಡಿಸುತ್ತಿದ್ದಳು, ಮುಖ ನೋಡುತ್ತಿರಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಮೊರದಲ್ಲಿ ಹುರುಳಿ ಹಸನು ಮಾಡುತ್ತಾ, ತಲೆ ಎತ್ತದೆ ಕೇಳಿದಳು.

"ಅವತ್ತು ಅವರೇನಂದ್ರು?"

ಅಣ್ಣ ಹೇಳಿದ್ದನ್ನು ಹೇಳಿದೆ. ಕಲ್ಲು ಕೊಡಾಕೆ ನಾನಿವ್ನಲ್ಲಾ, ನಾನಿರೋಗಂಟ ನಮ್ಮವಳ ಗಾಡಿ ಹಿಂದಕ್ಕೋಗಾಕಿಲ್ಲ.

ಅವಳ ಬೆರಳುಗಳು ಮೊರದಲ್ಲಿ ನಿಂತವು. "ನಮ್ಮವಳು ಅಂದ್ರಾ?"

"ಊಂ."

"ಇನ್ನೊಂದ್ಸಲ ಹೇಳು."

ಇನ್ನೊಂದು ಸಲ ಹೇಳಿದೆ. ಪೂರ್ತಿ ಮಾಡಲಾಗಲಿಲ್ಲ. ಅವಳು ಮೊರವನ್ನು ಕೆಳಗಿಟ್ಟು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಆಮೇಲೆ ಸೆರಗು ತೆಗೆದು, "ನನ್ನ ಕಾಲು, ನಿನ್ನ ನೆಲ. ಇಬ್ರೂ ಸೇರಿ ಕಳಕೊಂಡೋ ಕಣವ್ವ," ಎಂದಳು. ಅದರಲ್ಲಿ ಕ್ಷಮೆ ಇತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ಕೇಳುವ ಧೈರ್ಯವೂ ಬಂದಿಲ್ಲ.

ಮರುದಿನ ಮೇಸ್ತ್ರಿ ಒರಟು ಸೈಜುಗಲ್ಲು ತಂದು, ಗೇಟಿನ ಒಳಗೆ ನುಣುಪು ಸಿಮೆಂಟು ಒಡೆದ ಜಾಗದಲ್ಲಿ, ಸಂದಿ ಬಿಟ್ಟು ಎರಡು ಸಾಲು ಜೋಡಿಸಿ ತೋರಿಸಿದರು. ಸಂದಿಯಲ್ಲಿ ಮಣ್ಣು ಹಿಡಿಯುತ್ತದೆ, ಗರಿಕೆ ಬರುತ್ತದೆ, ನೀರು ಇಂಗುತ್ತದೆ ಎಂದರು. ರಾಗಿ ಮಾತ್ರ ಹರಡುವ ಹಾಗಿಲ್ಲ.

ಅತ್ತಿಗೆ ಬಕೆಟ್ಟಿನಲ್ಲಿ ನೀರು ತಂದು ಆ ಕಲ್ಲುಗಳ ಮೇಲೆ ಸುರಿದಳು. ಕಂಬದ ಬುಡದಲ್ಲಿ ಒಂದು ವರ್ಷದಿಂದ ಯಾರೂ ಮುಟ್ಟದೆ ಬಿದ್ದಿದ್ದ ಬೀಸುಕಲ್ಲನ್ನು ಎರಡು ಕೈಯಲ್ಲಿ ಎತ್ತಿ ತಂದು ಒದ್ದೆ ಕಲ್ಲಿನ ಮೇಲೆ ಇಟ್ಟಳು. ಆಮೇಲೆ ಬಲಗಾಲನ್ನು ಅದಕ್ಕೆ ಕೊಟ್ಟು, ಇಳಿಜಾರಿನ ಕಡೆಗೆ ಒತ್ತಿದಳು. ಕಲ್ಲು ಕದಲಲಿಲ್ಲ. ಗೇಟು ಹಿಡಿದುಕೊಂಡು ಮೈಭಾರವನ್ನೆಲ್ಲ ಬಿಟ್ಟು ಒತ್ತಿದಳು. ಆಗಲೂ ಕದಲಲಿಲ್ಲ.

"ಇದೇ ಹಾಕಿ ಮೇಸ್ತ್ರಿ," ಎಂದಳು. ಅಂದ ಮೇಲೂ ಕಾಲು ತೆಗೆಯಲಿಲ್ಲ, ಒತ್ತುತ್ತಲೇ ನಿಂತಿದ್ದಳು.