ಕೂತರೆ ಬೆಳಗುವ ಮಾನಿಟರ್

ಮುಚ್ಚಿದ ಬಾಗಿಲಿನ ಅಡಿಯಿಂದ ಬೆಳಕು ಬಂತು. ಬಿಳಿ ಬೆಳಕು. ಎಣ್ಣೆ ದೀಪದ್ದಲ್ಲ.

ಹೊರಗೆ ನಾವು ನಾಲ್ವರು ನಿಂತಿದ್ದೆವು. ನಾನು, ಮಗ ಪ್ರಸಾದ, ಸೊಸೆ ಸವಿತಾ, ಬಾಯಾರು ಊರಿನಿಂದ ಬಂದ ಮೈದುನ ನಾರಾಯಣ. ಅವತ್ತು ಮನೆಯಲ್ಲಿ ಇದ್ದದ್ದೇ ಅಷ್ಟು ಜನ. ಕೋಣೆಯ ಒಳಗೆ ಯಾರೂ ಇರಲಿಲ್ಲ. (ಜೀವ ಇರುವವರು ಯಾರೂ ಇರಲಿಲ್ಲ ಎಂದು ಬರೆದರೆ ಹೆಚ್ಚು ಸರಿಯೋ ಏನೋ.)

ಅದೇನು ಬೆಳಕು ಎಂದು ಹೇಳಬೇಕಾದರೆ ಮೊದಲು ಮಾನಿಟರ್ ಕತೆ ಹೇಳಬೇಕು.

ಸವಿತಾಳದ್ದು ಮನೆಯಲ್ಲೇ ಕೂತು ಮಾಡುವ ಕೆಲಸ. ಎಲ್ಲೋ ದೂರದ ದೇಶದ ಡಾಕ್ಟರು ಬಾಯಲ್ಲಿ ಹೇಳಿದ್ದನ್ನು ಯಂತ್ರ ಬರೆಯುತ್ತದೆ. ಯಂತ್ರ ಬರೆದ ತಪ್ಪನ್ನು ಇವಳು ತಿದ್ದುತ್ತಾಳೆ. ಎಡಗಾಲು ಎಂದಲ್ಲಿ ಬಲಗಾಲು ಆದರೆ ಯಾರದ್ದೋ ಒಳ್ಳೆಯ ಕಾಲು ಹೋಯಿತಲ್ಲ! ಅದಕ್ಕೆ ಹಳೆಯ ದಾಖಲೆ ಒಂದು ಪರದೆಯಲ್ಲಿ, ಹೊಸತು ಇನ್ನೊಂದರಲ್ಲಿ ಇರಬೇಕಂತೆ. ಲ್ಯಾಪ್‌ಟಾಪಿನ ಆ ಅಂಗೈಯಗಲದಲ್ಲಿ ಎರಡೂ ಹಿಡಿಸುವುದಿಲ್ಲ. ಕಂಪನಿಯವರು ಕಟ್ಟುನಿಟ್ಟಾಗಿ ಹೇಳಿಬಿಟ್ಟರು. ಬರುವ ತಿಂಗಳಿಂದ ಎರಡನೇ ಪರದೆ ಇಲ್ಲದವರು ಕೊಚ್ಚಿಯ ಆಫೀಸಿಗೆ ಬರಬೇಕು. ಬರಲಾಗದವರು ಕೆಲಸ ಬಿಡಬಹುದು.

ಕೊಚ್ಚಿ ಎಲ್ಲಿ, ನಮ್ಮ ಹೊಸಂಗಡಿ ಎಲ್ಲಿ? ಪ್ರಸಾದನ ಟಯರ್ ಅಂಗಡಿಯನ್ನು ಚೀಲದಲ್ಲಿ ಹಾಕಿಕೊಂಡು ಹೋಗಲಿಕ್ಕಾಗುತ್ತದೆಯೇ?

ಹಾಗೆ ನಾವು ಅಶ್ರಫನ ಕಂಪ್ಯೂಟರ್ ಅಂಗಡಿಗೆ ಹೋದೆವು. ಮೇಜು ಎಷ್ಟು ಅಗಲ ಎಂದು ಕೇಳಿದ. ನಾಲ್ಕು ಗೇಣು ಎಂದೆ. ಅವನು ನನ್ನ ಕೈಯನ್ನೇ ಟೇಪ್ ಹಿಡಿದು ಅಳೆದ.

"ಇಪ್ಪತ್ತನಾಲ್ಕು ಇಂಚಿನದ್ದು ಸಾಕು ಅಜ್ಜಿ. ಇದು ನೋಡಿ, ಕಲರ್ ಪಳಪಳ ಹೊಳೀತದೆ."

"ಕಲರ್ ಅಲ್ಲ ಮಾರಾಯ, ಅದರಲ್ಲಿ ನನ್ನ ಮೂತಿ ಕಾಣ್ತಾ ಉಂಟು. ಅವಳು ಇಡೀ ದಿನ ನನ್ನ ಮೂತಿ ನೋಡ್ಬೇಕಾ?"

ಸವಿತಾ ನಕ್ಕಳು. ಹೊಳೆಯುವ ಗಾಜಿನದ್ದು ಬೇಡ ಎಂದಾಯಿತು. (ನೀವು ಕೊಳ್ಳುವವರಾದರೆ ನೆನಪಿಡಿ. ಬೆನ್ನಿನ ಹಿಂದೆ ಕಿಟಕಿ ಇದ್ದರೆ ಹೊಳೆಯುವುದು ತರಬೇಡಿ. ಕೆಲಸದ ಬದಲು ರಸ್ತೆ ನೋಡುತ್ತೀರಿ.) ಇನ್ನೊಂದು ಬಗ್ಗಿದ್ದು ಇತ್ತು. ಬಿಸಿಲಿಗೆ ಒಣಗಿ ಬಗ್ಗಿದ್ದಾ ಎಂದು ಕೇಳಿದೆ. ಅದನ್ನೂ ಒಳಗಿಟ್ಟ.

ಕೊನೆಗೆ ಒಂದು ತಂದ. ಮಂಕು ಪರದೆ. ಕೆಳಗಿನ ಅಂಚಿನಲ್ಲಿ ಅವರೆಕಾಳಿನಷ್ಟು ಕಪ್ಪು ಚುಕ್ಕಿ.

"ಇದಕ್ಕೆ ಸೆನ್ಸರ್ ಉಂಟು. ಎದುರು ಮನುಷ್ಯ ಕೂತ್ರೆ ಹೊತ್ತಿಕೊಳ್ತದೆ, ಎದ್ದು ಹೋದ್ರೆ ಸ್ವಲ್ಪ ಹೊತ್ತಲ್ಲಿ ಆರ್ತದೆ. ಕರೆಂಟ್ ಉಳೀತದೆ."

ಈಗ ಎಲ್ಲದಕ್ಕೂ ಕಣ್ಣು. ಅಂಗಡಿಯಲ್ಲಿ ಕಣ್ಣು, ಬಸ್ಸಿನಲ್ಲಿ ಕಣ್ಣು, ರಸ್ತೆಯ ಕಂಬದಲ್ಲಿ ಕಣ್ಣು. ಮನೆಯೊಳಗೂ ಬೇಕೇ?

"ಕ್ಯಾಮೆರಾ ಅಲ್ಲ ಅಜ್ಜಿ. ಮುಖ ನೋಡುದಿಲ್ಲ," ಎಂದ ಅಶ್ರಫ್. "ಎದುರು ಯಾರೋ ಇದ್ದಾರೆ ಅಂತ ಮಾತ್ರ ಅದಕ್ಕೆ ಗೊತ್ತಾಗುದು. ಯಾರು ಅಂತ ಗೊತ್ತಾಗುದಿಲ್ಲ."

ಆಗ ಆ ಮಾತು ನನಗೆ ಏನೂ ಅನ್ನಿಸಲಿಲ್ಲ. ಒಂದು ವಾರ ಇಟ್ಟು ನೋಡಿ, ಆಗದಿದ್ದರೆ ಬದಲಿಸಿ ಕೊಡುತ್ತೇನೆ ಎಂದ. ತಂದೆವು.

ಇಡುವುದೆಲ್ಲಿ? ಆರು ಸಾಲಿನ ಹೈವೇ ಬಂದು ನಮ್ಮ ಜಗಲಿ ಮತ್ತು ಚಾವಡಿಯನ್ನು ತಿಂದುಹಾಕಿದೆ. ಉಳಿದದ್ದು ಎರಡು ಕೋಣೆ, ಒಂದು ಅಡುಗೆಮನೆ. ಮಲಗುವ ಕೋಣೆ ಬಿಟ್ಟರೆ ಇನ್ನು ಒಳಕೋಣೆ ಮಾತ್ರ. ಮೇಜು ಅಲ್ಲಿಗೇ ಹೋಯಿತು. ಸವಿತಾ ಕೂತರೆ ಪರದೆ ಬೆಳಗುತ್ತಿತ್ತು, ನೀರು ಕುಡಿಯಲು ಎದ್ದರೆ ಆರುತ್ತಿತ್ತು. ಒಳ್ಳೆಯ ಸಾಕುನಾಯಿಯ ಹಾಗೆ.

ಆದರೆ ಅದು ಮಳೆಗಾಲದ ಆಟಿ ತಿಂಗಳು. ನಮ್ಮಲ್ಲಿ ಆಟಿಯಲ್ಲಿ ಸತ್ತವರಿಗೆ, ಅಂದರೆ ಕುಲೆಗಳಿಗೆ, ಬಡಿಸುವ ಪದ್ಧತಿ. ನೆಲದಲ್ಲಿ ಸಾಲಾಗಿ ಬಾಳೆಲೆ ಹಾಕಿ, ಅವರವರಿಗೆ ಇಷ್ಟವಾದದ್ದನ್ನು ಬಡಿಸಿ, ದೀಪ ಇಟ್ಟು, ಬಾಗಿಲು ಮುಚ್ಚಿ ಹೊರಗೆ ನಿಲ್ಲುವುದು. ಮಾತಾಡಬಾರದು. ಅವರ ಊಟ ಆಗುವಷ್ಟು ಹೊತ್ತು ಬಿಟ್ಟು, ಬಾಗಿಲು ತಟ್ಟಿ ತೆರೆಯುವುದು. ಚಾವಡಿ ಹೋದ ಮೇಲೆ ನಾವು ಬಡಿಸುವುದು ಆ ಒಳಕೋಣೆಯಲ್ಲೇ.

ನಾರಾಯಣ ಬಂದವನು ಬಾಗಿಲಲ್ಲೇ ನಿಂತ.

"ಇದೆಂತ ಅತ್ತಿಗೆ? ಕುಲೆಗಳಿಗೆ ಬಡಿಸುವ ಕೋಣೆಯಲ್ಲಿ ಆಫೀಸಾ?"

"ಮತ್ತೆ ಹೈವೇಯಲ್ಲಿ ಇಡುದಾ?" ಎಂದೆ.

ಮೇಜು ಸರಿಸಲು ಜಾಗ ಇರಲಿಲ್ಲ. ಕುರ್ಚಿಯೂ ಅಲ್ಲೇ ಉಳಿಯಿತು. ಏನೋ ಫೈಲು ಹೋಗುತ್ತಾ ಇದೆ, ಲ್ಯಾಪ್‌ಟಾಪ್ ಆರಿಸಬೇಡಿ ಎಂದು ಸವಿತಾ ಬೇಡಿಕೊಂಡಳು. ಮಾನಿಟರ್ ಹೇಗೂ ಕಪ್ಪಾಗಿಯೇ ಇತ್ತು. ದೀಪ ಆರಬಾರದೆಂದು ಫ್ಯಾನ್ ನಿಲ್ಲಿಸಿ, ಕಿಟಕಿ ಹಾಕಿದೆ. ನನ್ನ ಅತ್ತೆ ಮಾವನಿಗೆ ಕೋಳಿ, ರೊಟ್ಟಿ. ನಮ್ಮವರಿಗೆ, ಅಂದರೆ ಪ್ರಸಾದನ ಅಪ್ಪನಿಗೆ, ಬಂಗುಡೆ ಮೀನಿನ ಪುಳಿಮುಂಚಿ, ಒಂದು ಲೋಟ ಕಪ್ಪು ಕಾಫಿ. ಮುಸ್ಸಂಜೆ. ಬಾಗಿಲು ಮುಚ್ಚಿದೆವು.

ಆಗ ಬಂದದ್ದು ಆ ಬೆಳಕು.

ನಾರಾಯಣನ ಬಾಯಿ ಕಟ್ಟಿತು. (ಅವನ ಬಾಯಿ ಕಟ್ಟಿದ್ದನ್ನು ಬಾಯಾರಿನಲ್ಲಿ ಯಾರೂ ನೋಡಿಲ್ಲ.) ಸವಿತಾ ನನ್ನ ಕಿವಿಯ ಹತ್ತಿರ ಬಂದಳು.

"ಅತ್ತೆ, ಅದು ಯಾರಾದ್ರೂ ಕೂತ್ರೆ ಮಾತ್ರ..."

"ಗೊತ್ತುಂಟು. ಸುಮ್ಮನಿರು. ಊಟದ ಹೊತ್ತು."

ಹೊರಗೆ ಲಾರಿಗಳು ಹೋಗುತ್ತಿದ್ದವು. ಬೆಳಕು ಹಾಗೆಯೇ ನಿಂತಿತ್ತು. ಬಾಗಿಲು ತಟ್ಟಬೇಕಾದವನು ನಾರಾಯಣ. ಅವನ ಕೈ ಏಳಲಿಲ್ಲ. ನಾನೇ ತಟ್ಟಿದೆ, ನಾನೇ ತೆರೆದೆ.

ಎಲೆಗಳು ಬಡಿಸಿದ ಹಾಗೇ ಇದ್ದವು. ದೀಪ ನೆಟ್ಟಗೆ ಉರಿಯುತ್ತಿತ್ತು. ಪರದೆ ಬೆಳಗುತ್ತಿತ್ತು. ಅದರ ಎದುರು ಖಾಲಿ ಕುರ್ಚಿ. ನಾವು ಹೊಸ್ತಿಲಲ್ಲಿ ನಿಂತು ನೋಡುತ್ತಿರುವಾಗಲೇ ಪರದೆ ಮೆಲ್ಲಗೆ ಮಂಕಾಗಿ ಆರಿತು. ಸವಿತಾ ಕೆಲಸ ಮುಗಿಸಿ ಎದ್ದಾಗ ಹೇಗೆ ಆರುತ್ತದೋ ಹಾಗೆ.

"ನಾಳೆಯೇ ಇದನ್ನು ಹೊರಗೆ ಹಾಕಿ," ನಾರಾಯಣನಿಗೆ ಸ್ವರ ಬಂತು. "ಮೇಜು, ಕುರ್ಚಿ, ಮಿಷನ್ ಎಲ್ಲ. ಕುಲೆಗಳ ಜಾಗಕ್ಕೆ ಹೋದದ್ದೇ ತಪ್ಪು."

ಪ್ರಸಾದ ತಲೆಯಾಡಿಸಿದ. ಚಿಕ್ಕಪ್ಪನ ಮಾತಿಗೆ ಅವನು ಯಾವತ್ತೂ ತಲೆಯಾಡಿಸುವವನೇ. ಸವಿತಾ ಎಲೆ ಎತ್ತಲು ಬಗ್ಗಿದಳು. ಅವಳ ಮಟ್ಟಿಗೆ ಹೊರಗೆ ಅಂದರೆ ಕೊಚ್ಚಿ. ಕೊಚ್ಚಿ ಅಂದರೆ ಕೆಲಸ ಹೋಯಿತು ಎಂದೇ ಅರ್ಥ.

ಮರುದಿನ ಬೆಳಿಗ್ಗೆ ಪ್ರಸಾದ ಅಶ್ರಫನನ್ನು ಕರೆದುಕೊಂಡು ಬಂದ. ಅಶ್ರಫ್ ಸೆನ್ಸರ್ ಇಲ್ಲದ ಸಾದಾ ಮಾನಿಟರ್ ಒಂದನ್ನು ಜೊತೆಗೇ ತಂದಿದ್ದ.

"ಫ್ಯಾನ್ ತಿರುಗ್ತಿತ್ತಾ ಅಜ್ಜಿ?"

"ಇಲ್ಲ."

"ಬೆಕ್ಕು?"

"ಮೀನಿನ ವಾಸನೆಗೆ ನಮ್ಮ ಕಾಲಿನ ಹತ್ತಿರವೇ ಕೂಗ್ತಿತ್ತು. ಹೊರಗೆ."

"ಹಾಗಾದ್ರೆ ದೀಪದ ಬಿಸಿ."

ದೀಪ ಹಚ್ಚಿ ಅದೇ ಜಾಗದಲ್ಲಿ ಇಟ್ಟೆವು. ಪರದೆ ಕಪ್ಪು. ಅಶ್ರಫ್ ನೆಲದಲ್ಲಿ ಚಕ್ಕಳಮಕ್ಕಳ ಹಾಕಿ ಕೂತ. ಕಪ್ಪು. ಪ್ರಸಾದನೂ ಪಕ್ಕದಲ್ಲಿ ಕೂತ. ಕಪ್ಪೇ. ಅಶ್ರಫ್ ಎದ್ದು ಕುರ್ಚಿಯಲ್ಲಿ ಕೂತ. ಪರದೆ ಬೆಳಗಿತು.

"ನೆಲದಲ್ಲಿ ಕೂತವರು ಇದಕ್ಕೆ ಕಾಣುದಿಲ್ಲ. ಕುರ್ಚಿಯಲ್ಲೇ ಇರ್ಬೇಕು," ಎಂದ. ಹೇಳಿ ಆದ ಮೇಲೆ ಆ ಕುರ್ಚಿಯಿಂದ ಸ್ವಲ್ಪ ಬೇಗವೇ ಎದ್ದ. "ಮಿಷನ್ ಅಲ್ವಾ, ಒಮ್ಮೊಮ್ಮೆ ಹುಚ್ಚು ಹಿಡೀತದೆ."

"ಕುಲೆಗಳು ಕುರ್ಚಿಯಲ್ಲಿ ಕೂರುದು ಎಲ್ಲಿಯಾದ್ರೂ ಉಂಟಾ?" ನಾರಾಯಣ ನನ್ನ ಕಡೆ ತಿರುಗಿದ.

ನಾನು ಅವನನ್ನೇ ಕೇಳಿದೆ. "ನಿನ್ನ ಅಣ್ಣನಿಗೆ ನೆಲದಲ್ಲಿ ಕೂರ್ಲಿಕ್ಕೆ ಆಗ್ತಿತ್ತಾ?"

ನಮ್ಮವರು ಬಸ್ ಡ್ರೈವರ್. ಹೊಸಂಗಡಿಯಿಂದ ಒಳನಾಡಿಗೆ, ಆ ತಿರುವುಗಳಲ್ಲಿ ಕ್ಲಚ್ ತುಳಿದು ತುಳಿದು ಮೊಣಕಾಲು ಹೋಗಿತ್ತು. ಕೊನೆಯ ವರ್ಷಗಳಲ್ಲಿ ಉಂಡದ್ದೆಲ್ಲ ಮೇಜಿನ ಮೇಲೆ, ಕುರ್ಚಿಯಲ್ಲಿ ಕೂತು. ಒಂದು ಗೃಹಪ್ರವೇಶದಲ್ಲಿ ಹಟಕ್ಕೆ ಬಿದ್ದು ನೆಲದ ಪಂಕ್ತಿಯಲ್ಲಿ ಕೂತಾಗ ಕಂಕುಳಿಗೆ ಕೈ ಹಾಕಿ ಎಬ್ಬಿಸಿದ್ದು ಇದೇ ನಾರಾಯಣ.

ಅವನು ಕುರ್ಚಿಯ ಕಡೆ ನೋಡಿದ.

ಸತ್ತ ಮೇಲೆ ಮೊಣಕಾಲು ಸರಿಹೋಗುತ್ತದೆ ಎಂದು ನಮಗೆ ಯಾರು ಹೇಳಿದ್ದು? ಇಷ್ಟದ ಮೀನು ನೆನಪಿಟ್ಟೆವು, ಕಾಫಿಗೆ ಹಾಲು ಹಾಕಬಾರದು ಎಂಬುದನ್ನೂ ನೆನಪಿಟ್ಟೆವು. ಎಲೆ ಮಾತ್ರ ನೆಲದಲ್ಲಿ. ಪದ್ಧತಿ ಹಾಗಂತೆ!

"ಪುನಃ ಬಡಿಸುವ. ಈ ಸಲ ಅವರಿಗೆ ಮೇಜಿನ ಮೇಲೆ," ಎಂದೆ.

ನಾರಾಯಣ ಒಪ್ಪಿದ. "ಆಗ್ಲಿ. ಆದ್ರೆ ಒಂದು ಮಾತು. ಬೆಳಕು ಬಂದ್ರೆ ಅಣ್ಣನಿಗೆ ಅದು ಅಲ್ಲಿರುದು ಸಮ್ಮತ ಅಂತ ತಿಳ್ಕೊಳ್ತೇನೆ. ಬಾರದಿದ್ರೆ ಎಲ್ಲ ಹೊರಗೆ. ಮತ್ತೆ ನನ್ನನ್ನು ಕೇಳ್ಬೇಡಿ."

ಅಂದರೆ ಸವಿತಾಳ ಕೆಲಸ ಅವಳ ಸತ್ತುಹೋದ ಮಾವನ ಮೊಣಕಾಲಿನ ಮೇಲೆ ನಿಂತಿತು.

"ನಿನಗೆ ಹೆದರಿಕೆಯಾ?" ಎಂದು ಅವಳನ್ನು ಕೇಳಿದೆ. ದಿನಾ ಅಲ್ಲಿ ಕೂರಬೇಕಾದವಳು ಅವಳಲ್ಲವೇ?

"ಕೊಚ್ಚಿಯ ಹೆದರಿಕೆ ಹೆಚ್ಚು ಅತ್ತೆ."

ಸಂಜೆ ಪುನಃ ಬಡಿಸಿದೆವು. ಅತ್ತೆ ಮಾವನ ಎಲೆ ನೆಲದಲ್ಲಿ, ನಮ್ಮವರ ಎಲೆ ಮೇಜಿನ ಮೇಲೆ, ಕೀಬೋರ್ಡ್ ಇಡುವ ಜಾಗದಲ್ಲಿ. ಲ್ಯಾಪ್‌ಟಾಪ್ ಆನ್. ಮಾನಿಟರ್ ಕಪ್ಪು. ಬಾಗಿಲು ಮುಚ್ಚಿದೆವು.

ಬೆಳಕು ಬರಲಿಲ್ಲ.

ಸವಿತಾ ಬಾಗಿಲಿನ ಅಡಿಯನ್ನೇ ನೋಡುತ್ತಾ ನಿಂತಿದ್ದಳು. ಒಂದು ಲಾರಿ ಹೋಯಿತು. ಗೋಡೆ ಸಣ್ಣಗೆ ಅದುರಿತು. ಬೆಳಕು ಇಲ್ಲ. ಇನ್ನೊಂದು ಲಾರಿ ಹೋಯಿತು. ನಾರಾಯಣ ಗಂಟಲು ಸರಿಮಾಡಿಕೊಂಡ. ಪ್ರಸಾದ ಆಗಲೇ ಮೇಜು ಎತ್ತುವವನ ಹಾಗೆ ಅಂಗಿಯ ತೋಳು ಮಡಚುತ್ತಿದ್ದ. ಸವಿತಾ ಕಣ್ಣು ಮುಚ್ಚಿದಳು.

ಆಗ ಬಂತು. ಹೊಸ್ತಿಲಿನ ಉದ್ದಕ್ಕೂ ಬಿಳಿಯ ಗೆರೆ.

ತಡವಾಯಿತು, ನಿಜ. ಮೊಣಕಾಲು ನೋವಿದ್ದವರು ಕೂರಲು ಹೊತ್ತು ಬೇಡವೇ?

ತಟ್ಟಿ ಬಾಗಿಲು ತೆರೆದೆವು. ಬಂಗುಡೆ ಹಾಗೇ ಇತ್ತು, ಕಾಫಿ ಹಾಗೇ ಇತ್ತು. ಪರದೆ ಬೆಳಗುತ್ತಲೇ ಇತ್ತು. ಆರುತ್ತದೆ ಎಂದು ಕಾದೆವು. ಆರಲಿಲ್ಲ. ಊಟ ಆದ ಮೇಲೂ ಎಲೆಯ ಎದುರು ಸುಮ್ಮನೆ ಕೂತಿರುವ ಅಭ್ಯಾಸ ಅವರಿಗೆ ಮೊದಲಿನಿಂದಲೂ ಇತ್ತು. ಎಷ್ಟು ಹೊತ್ತು ಹೊಸ್ತಿಲಲ್ಲಿ ನಿಲ್ಲುವುದು? ನನ್ನ ಕಾಲೂ ಸರಿ ಇಲ್ಲ.

"ಸಾಕು, ಇನ್ನು ಏಳಿ," ಎಂದೆ. "ಸವಿತಾಳಿಗೆ ಕೆಲಸ ಉಂಟು."

ಪರದೆ ಮಂಕಾಯಿತು. ಆರಿತು.

ಸವಿತಾ ಎಲೆ ಎತ್ತಿ, ಮೇಜು ಒರೆಸಿ, ಕುರ್ಚಿಯನ್ನು ಒಮ್ಮೆ ನೋಡಿ, ಕೂತಳು. ಪರದೆ ಬೆಳಗಿತು. ಅಶ್ರಫನ ಸಾದಾ ಮಾನಿಟರ್ ಪೆಟ್ಟಿಗೆಯೊಳಗೇ ವಾಪಸ್ ಹೋಯಿತು. ನಾರಾಯಣ ಹೊರಡುವಾಗ ಚಪ್ಪಲಿ ಹಾಕುತ್ತಾ ನನಗೆ ಮಾತ್ರ ಕೇಳುವ ಹಾಗೆ, "ಅತ್ತಿಗೆ, ನನಗೂ ಈಗ ನೆಲದಲ್ಲಿ ಕೂತ್ರೆ ಸೊಂಟ ಹಿಡೀತದೆ, ನೆನಪುಂಟಲ್ಲ?" ಎಂದ.

ಆಟಿಯಲ್ಲಿ ಬಡಿಸುವ ಮನೆಯವರನ್ನೇ ಕೇಳುತ್ತೇನೆ. ನಿಮ್ಮ ಸತ್ತವರ ಮೊಣಕಾಲು ಹೇಗಿತ್ತು?